ಬಾಡಿಗೆದಾರರ ಕೈ

“ಕೈ ತೂಕ್ಕುಂಗ!” ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಸುಂದರಂ ಸಭೆಯಲ್ಲಿ ಕೂಗಿದಾಗ, ಕೈಯನ್ನೇಕೆ ತೂಗಬೇಕೆಂದು ಗಲಿಬಿಲಿಯಾಯಿತು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಅವರು ನನ್ನತ್ತ ನೋಡಿ, “ನೀಂಗ ವಾಡಗೈ ತಾನೇಮ್ಮಾ? ಇರಕ್ಕಿಡುಂಗ” ಎಂದರು. ಬಾಡಿಗೆಯವಳಾದ ನಾನು ಕೈ ಇಳಿಸಬೇಕಂತೆ.

ಬ್ಯಾಂಕಿನ ವರ್ಗಾವಣೆಯ ಮೇಲೆ ಸಿಂದಗಿ ಕಡೆಯಿಂದ ಚೆನ್ನೈಗೆ ಬಂದ ಹೊಸತು. ಮಾಧವರಂನ ನಮ್ಮ ವಸತಿ ಸಂಕೀರ್ಣದಲ್ಲಿ ಸೈಕಲ್ಲೊಂದು ಕಳುವಾಗಿತ್ತು. ಹಿಂದಿನ ಗೇಟನ್ನೇ ಮುಚ್ಚಿಬಿಡುವ ಮಾತು ನಡೆದಿತ್ತು. ಬಸ್ಸು ಹಿಡಿಯುವ ನಮಗೆ, ಅಡುಗೆಗೆ ಬರುವ ಹೆಂಗಸರಿಗೆ ಅದೇ ದಾರಿ. ಕಾರಿನವರಿಗೆ ಮುಂದಿನ ಗೇಟು ಸಾಕು. ಅಂದು ಒಮ್ಮತವಾಗದೆ ಮಾತು ಮುಂದಿನ ತಿಂಗಳಿಗೆ ಹೋಯಿತು.

ಊರಿನ ಗ್ರಾಮಸಭೆಯಲ್ಲಿ ಜಗಳವಾಗುತ್ತಿತ್ತು, ಕುರ್ಚಿಯೂ ಹಾರುತ್ತಿತ್ತು. ಆದರೆ ಯಾರ ಕೈಯನ್ನೂ ಇಳಿಸಿದ್ದು ಕಂಡಿರಲಿಲ್ಲ. ಇಲ್ಲಿ ಎಲ್ಲವೂ ಶಾಂತ, ಕಾಫಿ ಮಾತ್ರ ಸೊಗಸು.

ಎದುರು ಮನೆಯ ಕಮಲಾ ಮಾಮಿಯದು ರೈಲ್ವೆ ಕೆಲಸಕ್ಕೆಂದು ಮೈಸೂರಿನಿಂದ ಬಂದು ನೆಲೆಸಿದ ಕುಟುಂಬ. “ಸುಮ್ನೆ ಉಕ್ಕಾಂದ್ರೆ ಆಗಲ್ಲಮ್ಮಾ, ಪೇಸಬೇಕು. ತಪ್ಪಾದ್ರೂ ಪರವಾಇಲ್ಲೆ” ಎಂದರು. ಕೂತರೆ ಆಗದು, ಮಾತಾಡಬೇಕು ಎಂದರ್ಥ. ಸಂಜೆಗಳಲ್ಲಿ ತಮಿಳು ಕಲಿಸಿದರು. ಬಾಡಿಗೆದಾರರ ಮನೆಗಳಿಗೂ ನನ್ನ ಜೊತೆ ಬಂದರು. “ನಮ್ಮನ್ನು ಯಾರು ಕೇಳುತ್ತಾರೆ?” ಎಂದೇ ಎಲ್ಲರೂ ಬಾಗಿಲು ತೆರೆದದ್ದು.

ಮುಂದಿನ ಸಭೆಗೆ ಅವರೆಲ್ಲ ಬಂದು ಹಿಂದೆ ನಿಂತರು. ನಾನು ಎದ್ದೆ. ‘ಮೂಡು’ ಎಂದರೆ ನಮಗೆ ಉದಯಿಸುವುದು, ಇವರಿಗೆ ಮುಚ್ಚುವುದು. ಅದನ್ನೇ ನೆನೆಯುತ್ತ ಹೇಳಿದೆ: “ಸಾರ್, ಗೇಟ್ ಮೂಡುಂಗ. ಆನಾ ನಡಕ್ಕಿರವಂಗಳ ಕೇಕ್ಕಾಮ ಮೂಡಾದೀಂಗ.” ಮುಚ್ಚಿ, ಆದರೆ ನಡೆಯುವವರನ್ನು ಕೇಳದೆ ಮುಚ್ಚಬೇಡಿ.

ಯಾರೋ ನಕ್ಕರು. ಸುಂದರಂ ನಗಲಿಲ್ಲ. ಹಿಂದೆ ನಿಂತವರತ್ತ ಕಣ್ಣು ಹಾಯಿಸಿದರು. “ಸರಿ. ಇರುಕ್ಕಿರವಂಗ ಎಲ್ಲಾರುಂ ಸೊಲ್ಲಟ್ಟುಂ” ಎಂದರು, ವಾಸವಿರುವವರೆಲ್ಲ ಹೇಳಲಿ. ಮನೆಗೊಂದು ಮತದಂತೆ ಚೀಟಿ ಹಾಕಿದೆವು. ಗೇಟು ಉಳಿಯಿತು, ಕಾವಲುಗಾರನೂ ಬಂದ. ಮರುದಿನ ಬಸ್ಸಿಗೆ ಹೊರಟಾಗ ಅಡುಗೆಗೆ ಬರುವ ಸೆಲ್ವಿ ಆ ಗೇಟಿನಲ್ಲೇ ನನ್ನ ಕೈ ಹಿಡಿದು ನಕ್ಕಳು. ಅಂದಿನಿಂದ ಈ ಊರು ನನಗೆ ಹಗುರವಾಯಿತು.

ಆ ಧೈರ್ಯದಲ್ಲೇ ನನ್ನ ಮತವನ್ನೂ ಚೆನ್ನೈಗೆ ವರ್ಗಾಯಿಸಲು ಯೋಚಿಸಿದೆ. ಅಕ್ಕ ನಮ್ಮೂರಿನ ಪಂಚಾಯಿತಿ ಸದಸ್ಯೆ. ಫೋನಿನಲ್ಲಿ ಹೇಳಿದಾಗ, “ನನಗ ಒಂದು ಓಟು ಕಡಿಮಿ ಆತಲ್ಲವ್ವಾ!” ಎಂದು ನಕ್ಕಳು. ಆಮೇಲೆ, “ನೀರು ಕುಡಿಯೂದು ಅಲ್ಲಿದು. ಓಟೂ ಅಲ್ಲೇ ಹಾಕು” ಎಂದಳು. ನನ್ನ ಹೆಸರು ಇಲ್ಲಿನ ಮತದಾರರ ಪಟ್ಟಿಗೆ ಸೇರಿತು.

ಊರಿನಲ್ಲಿ ಪಂಚಾಯಿತಿ ಚುನಾವಣೆ ನಡೆದ ದಿನ ಚೆನ್ನೈಯಲ್ಲಿ ರಜೆಯಿರಲಿಲ್ಲ. ಕೌಂಟರಿನಲ್ಲಿ ಗ್ರಾಹಕರ ಜೊತೆ ತಮಿಳಿನಲ್ಲಿ ಮಾತಾಡುತ್ತಿದ್ದೆ. ಅಕ್ಕ ಶಾಯಿ ಹಚ್ಚಿದ ಬೆರಳಿನ ಫೋಟೊ ಕಳಿಸಿದಳು. ಊಟದ ಹೊತ್ತಿಗೆ ತಡೆಯಲಾರದೆ ಫೋನ್ ಮಾಡಿದೆ: “ನಮ್ಮ ಓಣಿಯವರು ಎಲ್ಲಾರೂ ಬಂದಾರೇನಕ್ಕಾ?”

“ನೀ ಒಬ್ಬಾಕಿ ಬಂದಿಲ್ಲ” ಎಂದಳು.