ಗದ್ದಲದಲ್ಲಿ ಕಲಿತ ಮಾತು

ಹರಿಹರದಿಂದ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಬಂದರೆ ಅವ್ವ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವವಳಲ್ಲ. ಅಲ್ಲಿ ಅಣ್ಣನ ಸಂಸಾರ, ಮೊಮ್ಮಕ್ಕಳು, ಹಿತ್ತಲಲ್ಲಿ ಅವಳೇ ಹಾಕಿದ ಬದನೆ ಗಿಡ. ಕಳೆದ ವರ್ಷ ಮಾತ್ರ ನಾನು ಹಟ ಹಿಡಿದು ಒಂದು ಭಾನುವಾರ ಉಳಿಸಿಕೊಂಡೆ. ಆನೆಕೊಂಡದ ಕಡೆ ಮಿಲ್ ಕಾರ್ಮಿಕರ ನೆನಪಿಗೆಂದು ಒಂದು ಸಣ್ಣ ಪಾರ್ಕ್ ಮಾಡಿದ್ದರು. ಅವ್ವ ಮದುವೆಗೆ ಮುಂಚಿನಿಂದ ಹಿಡಿದು ನಾನು ಹೈಸ್ಕೂಲು ಸೇರುವವರೆಗೂ ಇದೇ ಊರಿನ ಹತ್ತಿ ಮಿಲ್ಲಿನಲ್ಲಿ ನೂಲು ಸುತ್ತುವ ಯಂತ್ರದ ಮುಂದೆ ನಿಂತವಳು. ಅವಳಿಗೆ ಅದನ್ನು ತೋರಿಸಬೇಕೆಂದು ನನ್ನ ಆಸೆ.

"ಸತ್ತೋರ ನೆನಪಿಗೆ ಪಾರ್ಕ್ ಮಾಡ್ತಾರೆ. ನಾನಿನ್ನೂ ಬದುಕಿದೀನಲ್ಲ," ಅಂದಳು. ಆದರೂ ಇಸ್ತ್ರಿ ಮಾಡಿದ ಸೀರೆಯನ್ನೇ ಹುಡುಕಿ ಉಟ್ಟಳು.

ಪಾರ್ಕಿಗೆ ಇನ್ನೂ ಎರಡು ಬೀದಿ ಇರುವಾಗಲೇ ಆಟೋ ನಿಲ್ಲಿಸಿ, ನಡೆದೇ ಹೋಗೋಣ ಎಂದಳು. ಮಂಡಕ್ಕಿ ಹುರಿಯುವ ವಾಸನೆ ಗಾಳಿಯಲ್ಲಿತ್ತು. ಮಿಲ್ಲಿನವರು ವಾಸವಿದ್ದ ಸಾಲುಮನೆಗಳಲ್ಲಿ ಮೂರೋ ನಾಲ್ಕೋ ಹೆಂಚಿನವು ಉಳಿದಿದ್ದವು. ಮಿಕ್ಕವು ಮಹಡಿ ಮನೆಗಳಾಗಿ, ಕೆಳಗೆ ಬೈಕ್ ರಿಪೇರಿ ಅಂಗಡಿ, ಬ್ಯೂಟಿ ಪಾರ್ಲರ್ ಬಂದಿದ್ದವು. ಅವ್ವ ಒಂದೊಂದು ಬಾಗಿಲ ಮುಂದೆಯೂ ನಿಂತು, ಇಲ್ಲಿ ನಲ್ಲಿ ಇತ್ತು, ಇಲ್ಲಿ ಜಗಳ ಆಗ್ತಿತ್ತು ಎನ್ನುತ್ತ ಖುಷಿಯಿಂದ ನಡೆದಳು.

ಪಾರ್ಕಿನಲ್ಲಿ ಎರಡು ಬೇವಿನ ಮರ, ಹಸಿರು ಬಣ್ಣ ಬಳಿದ ಒಂದು ಹಳೆಯ ಯಂತ್ರ, ಪಕ್ಕದಲ್ಲಿ ಸಿಮೆಂಟಿನ ಹೆಣ್ಣಾಳಿನ ಪ್ರತಿಮೆ. ಅವ್ವ ಪ್ರತಿಮೆಯನ್ನು ಸುತ್ತಿ ನೋಡಿದಳು.

"ಸೆರಗು ಹಿಂಗೆ ಇಳಿಬಿಟ್ಕಂಡು ಮಿಷನ್ ಮುಂದೆ ಯಾರು ನಿಲ್ತಾರೆ? ಗಳಿಗೇಲಿ ಎಳಕಂಡು ಹೋಗ್ತಿತ್ತು!"

ಆಗಲೇ ಬೇವಿನ ಮರದ ಕೆಳಗಿನ ಬೆಂಚಿನಿಂದ ಯಾರೋ ಕೂಗಿದ್ದು ಕೇಳಿಸಿತು. ಮಧ್ಯವಯಸ್ಸಿನ ಹೆಂಗಸೊಬ್ಬಳು ತನ್ನ ಅತ್ತೆಯ ಕಿವಿಗೆ ಬಾಯಿ ಹಚ್ಚಿ, "ನೀರು ಕುಡೀರಿ ಅತ್ತೀ, ನೀರು!" ಎನ್ನುತ್ತಿದ್ದಳು.

"ಯಾರು? ಯಾರು ಬಂದ್ರು?" ಎಂದು ಮುದುಕಿ ಗೇಟಿನತ್ತ ತಿರುಗಿದಳು. ಸೊಸೆ ಸೋತವಳಂತೆ ಬಾಟಲಿಯ ಮುಚ್ಚಳ ಹಾಕಿದಳು.

ಅವ್ವ ಮುದುಕಿಯ ಗಲ್ಲವನ್ನೇ ನೋಡುತ್ತಿದ್ದಳು. ಅಲ್ಲಿ ಮೂರು ಚುಕ್ಕಿಯ ಹಚ್ಚೆ ಇತ್ತು. ಸರಸರನೆ ಹೋಗಿ ಎದುರಿಗೆ ನಿಂತಳು.

"ಅವರಿಗೆ ಕಿವಿ ಕೇಳಲ್ಲರೀ," ಎಂದಳು ಸೊಸೆ. "ಮಿಲ್ಲಿನ ಸದ್ದಿಗೇ ಹೋಗೈತೆ."

ಅವ್ವ ಬಾಯಿ ತೆರೆಯಲಿಲ್ಲ. ಬಲಗೈ ಎತ್ತಿ, ಇಲ್ಲದ ಮೀಸೆಯನ್ನು ಎರಡು ಸಲ ತಿರುವಿದಳು. ಆಮೇಲೆ ಎರಡೂ ಕೈಯ ಬೆರಳು ಕೂಡಿಸಿ, ಎಳೆ ಹರಿದಂತೆ ಪಟ್ಟನೆ ಬೇರೆ ಮಾಡಿದಳು.

'ಮೇಸ್ತ್ರಿ ಬರ್ತಿದಾನೆ, ನಿನ್ನ ನೂಲು ಹರಿದೈತೆ ನೋಡು' ಅಂತ ಆ ಸನ್ನೆ. ಅದರ ಅರ್ಥ ನನಗೆ ತಿಳಿದದ್ದು ಆಮೇಲೆ. ಮುದುಕಿಗೆ ಆ ಕ್ಷಣವೇ ತಿಳಿಯಿತು. ಜೋರಾಗಿ ನಕ್ಕು ಅವ್ವನ ಎರಡೂ ಕೈ ಹಿಡಿದುಕೊಂಡಳು.

ಇಬ್ಬರೂ ಒಂದೇ ಯಂತ್ರದ ಎದುರುಬದುರು ನಿಂತು, ಅದರ ಸದ್ದಿನಲ್ಲಿ ಮಾತು ಕೇಳಿಸದೆ ಸನ್ನೆಯಲ್ಲೇ ಮಾತಾಡುತ್ತ ವರ್ಷಗಟ್ಟಲೆ ದುಡಿದವರಂತೆ. ಅಪ್ಪನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕು ನಾವು ಈ ಊರು ಬಿಟ್ಟ ಮೇಲೆ ಭೇಟಿಯೇ ಇರಲಿಲ್ಲ. ಈಗ ಬೆಂಚಿನ ಮೇಲೆ ಕೂತು, ತುಟಿ ಆಡಿಸುತ್ತ, ಕೈ ಆಡಿಸುತ್ತ ಮಾತಿಗೆ ಬಿದ್ದರು. ಕೈ ನೆಲದಿಂದ ಇಷ್ಟೆತ್ತರ ಹಿಡಿದರೆ ಮೊಮ್ಮಗು. ಸೊಂಟ ಹಿಡಿದು ಮುಖ ಕಿವಿಚಿದರೆ ನೋವು. ಒಮ್ಮೆ ಆಕೆ ಅಂಗೈಯಿಂದ ತನ್ನ ಹಣೆಯನ್ನು ಒರೆಸಿ ತೋರಿಸಿದಳು. ಅವ್ವನೂ ತನ್ನ ಬರಿ ಹಣೆಯನ್ನು ಹಾಗೇ ಒರೆಸಿದಳು.

ಸೊಸೆಯ ಕಣ್ಣು ತುಂಬಿತ್ತು. "ದಿನಾ ಕೂಗಿ ಕೂಗಿ ನನ್ನ ಗಂಟಲು ಹೋಗ್ತಿತ್ತು. ನಾನು ಬೈತೀನಿ ಅನ್ಕಂಡು ಇವರು ಮಾತೇ ಬಿಟ್ಟಿದ್ರು. ಹಿಂಗೆ ಮಾತಾಡಬೌದು ಅಂತ ಯಾರೂ ಹೇಳಲಿಲ್ಲ ನೋಡ್ರಿ."

"ಬಾ ತಂಗಿ, ಇಲ್ಲಿ ಕೂಡು," ಎಂದಳು ಅವ್ವ. "ಕೂಗೋದು ಬ್ಯಾಡ. ಎದುರಿಗೆ ನಿಂತು ತುಟಿ ಅಗಲ ಮಾಡಿ ಹೇಳು. ನೀರು ಅಂದ್ರೆ ಹಿಂಗೆ."

ಬಿಸಿಲು ಏರುವವರೆಗೂ ಪಾಠ ನಡೆಯಿತು. ಸೊಸೆ ತಪ್ಪಿದಾಗ ಮುದುಕಿಯೇ ಅವಳ ಬೆರಳು ತಿದ್ದುತ್ತಿದ್ದಳು. ಶಾಲೆಯಲ್ಲಿ ಪಾಠ ಹೇಳುವ ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. ಅವ್ವನದು ಯಾವಾಗಲೂ ದೊಡ್ಡ ದನಿ. ಅವಳು ನನ್ನ ಹೈಸ್ಕೂಲಿಗೆ ಬಂದ ದಿನ, ಮೆಲ್ಲಗೆ ಮಾತಾಡು ಎಂದು ಅವಳ ಸೆರಗು ಜಗ್ಗಿದ್ದೆ. ಗೆಳತಿಯರ ಮುಂದೆ ನನಗೆ ನಾಚಿಕೆಯಾಗಿತ್ತು. ಅದು ನೆನಪಾಗಿ ಈಗ ಬೇರೆ ಥರದ ನಾಚಿಕೆಯಾಯಿತು.

ವಾಪಸು ಬರುವಾಗ ಆಟೋದಲ್ಲಿ ಕೇಳಿದೆ, "ಈ ಮಾತು ನಮಗ್ಯಾಕೆ ಕಲಿಸಲಿಲ್ಲವ್ವ?"

"ಮನ್ಯಾಗ ಅದು ಯಾಕ ಬೇಕು? ಮಿಲ್ಲಿನಾಗ ದಿನಾ ಬಾಯಿ ಮುಚ್ಕಂಡಿದ್ದು, ನಿಮ್ಮ ಜೊತೆ ಬಾಯ್ತುಂಬ ಮಾತಾಡಾಕಂತ ಓಡಿ ಬರ್ತಿದ್ದೆ," ಎಂದಳು.

ಈಗ ಹದಿನೈದು ದಿನಕ್ಕೊಮ್ಮೆ ಬೆಳಗಿನ ಬಸ್ಸು ಹತ್ತಿ ಹರಿಹರದಿಂದ ಬರುತ್ತಾಳೆ. ಮೊದಲು ಪಾರ್ಕ್, ಆಮೇಲೆ ನಮ್ಮ ಮನೆ. ಹೋದ ಸಲ ಅವಳನ್ನು ಕರೆತರಲು ಹೋದಾಗ ಮೂವರೂ ಒಂದೇ ಬೆಂಚಿನಲ್ಲಿ ಕೂತು, ಸದ್ದಿಲ್ಲದೆ, ಬಿದ್ದು ಬಿದ್ದು ನಗುತ್ತಿದ್ದರು. ಸೊಸೆ ನನ್ನ ಕಡೆ ತಿರುಗಿ ಕೈಯಲ್ಲಿ ಏನೋ ಹೇಳಿದಳು. ನನಗೆ ಅರ್ಥವಾಗಲಿಲ್ಲ. ಅವಳು ಸರಿದು ಜಾಗ ಮಾಡಿಕೊಟ್ಟಳು, ಹೋಗಿ ಕೂತೆ.