ಚರ್ಚಿನ ಹಿಂದಿನ ಮಠ

ದೆವ್ವ ಕಂಡೆ ಎಂದವರನ್ನು ‘ರಾತ್ರಿ ಏನು ತಿಂದಿದ್ದಿರಿ’ ಎಂದು ಗೇಲಿ ಮಾಡುತ್ತಿದ್ದವನು ನಾನು. ಈಗ ನೀವು ನನ್ನನ್ನು ಹಾಗೇ ಕೇಳಿದರೆ ಬೇಸರವಿಲ್ಲ. ಆ ದಿನ ನಾನು ಏನೂ ತಿಂದಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ತೆರಕಣಾಂಬಿಯಿಂದಾಚೆ ಒಂದು ಹಳ್ಳಿಯಲ್ಲಿ ಹಳೆಯ ಚರ್ಚು, ಅದರ ಹಿಂದೆ ಪಾಳುಬಿದ್ದ ಕಟ್ಟಡ. ಹಿಂದೆ ಅಲ್ಲಿ ಕ್ರೈಸ್ತ ಸನ್ಯಾಸಿಗಳಿದ್ದರಂತೆ. ಅವರು ಬಿಟ್ಟುಹೋಗಿ ಎಷ್ಟೋ ಕಾಲವಾದರೂ ಊರವರ ಬಾಯಲ್ಲಿ ಅದು ‘ಮಠ’ವೇ. ಚರ್ಚಿನವರು ಅದನ್ನು ಕೆಡವಿ ಸಭಾಭವನ ಕಟ್ಟುವವರಿದ್ದರು. ಅಷ್ಟರೊಳಗೆ ಚರಿತ್ರೆ ಬರೆದುಕೊಡಿ ಎಂದು ನಿವೃತ್ತ ಮೇಷ್ಟ್ರಾದ ನನ್ನನ್ನು ಕೇಳಿದ್ದರು. ಲಿಂಗಾಯತನಿಗೆ ಚರ್ಚಿನ ಉಸಾಬರಿ ಏಕೆಂದು ಮನೆಯಲ್ಲಿ ನಕ್ಕರು.

ಚರ್ಚು ಗುಡಿಸುವ ಮಾರ್ತಮ್ಮನಿಗೆ ಚರಿತ್ರೆ ಬೇಕಿರಲಿಲ್ಲ. ಆಕೆಯ ಅಪ್ಪ ಮಠದಲ್ಲಿ ಅಡುಗೆಗಿದ್ದವನು. ಸತ್ತಾಗ ಅಲ್ಲಿಯೇ ಹಿತ್ತಲಲ್ಲಿ ಮಣ್ಣು ಮಾಡಿದ್ದರು. ಹೆಣ್ಣುಮಕ್ಕಳನ್ನು ಆಗ ಮಠದೊಳಗೆ ಬಿಡುತ್ತಿರಲಿಲ್ಲವಾದ್ದರಿಂದ ಆಕೆ ಆ ಜಾಗ ಕಂಡವಳೇ ಅಲ್ಲ. ಮರುದಿನ ಜೆಸಿಬಿ ಬರುವುದಿತ್ತು. ಅಪ್ಪನ ಮೇಲೆ ಗಾಡಿ ಓಡಾಡಿಬಿಡುತ್ತದೆ ಎಂದು ಬೆಳಗಿನಿಂದ ನನ್ನ ಹಿಂದೆಯೇ ಸುತ್ತುತ್ತಿದ್ದಳು. ನಾನೂ ಹುಡುಕಿ ಸೋತಿದ್ದೆ.

ಮಧ್ಯಾಹ್ನ ಆಕೆ ಊಟಕ್ಕೆ ಹೋದಳು. ನಾನೊಬ್ಬನೇ ಮಠದೊಳಗೆ ಕುಳಿತು ಗೋಡೆಯ ಬರಹ ನಕಲು ಮಾಡುತ್ತಿದ್ದೆ. ತಲೆಯೆತ್ತಿದರೆ ಬಿಳಿ ಪಂಚೆ ಹೊದ್ದ ಮುದುಕರೊಬ್ಬರು ಬಾಗಿಲಲ್ಲಿ ನಿಂತಿದ್ದರು. ಮಠ ಎಂಬ ಮಾತಿನ ಅಭ್ಯಾಸ. ನಮ್ಮ ಸ್ವಾಮಿಗಳೆದುರು ಎನ್ನುವಂತೆ ‘ಅಡ್ಡಬಿದ್ದೆ ಬುದ್ಧಿ’ ಎಂದುಬಿಟ್ಟೆ.

“ನಾ ಬುದ್ಧಿಯಲ್ಲ ಕಣಪ್ಪ, ಅಡ್ಗೆಯೋನು. ಉಂಡ್ರಾ?”

ಸಂಕೋಚಕ್ಕೆ ಹೂಂ ಎಂದೆ.

“ಅಂಗಾರೆ ಸರಿ. ಬಾವಿ ತಾವು ಮಕಾಡೆ ಬಿದ್ದಿರೋ ಕಲ್ಲ ಎತ್ಸಿ.”

ಹಿತ್ತಲಿನ ಕಡೆ ತಿರುಗಿದರು. ಹಿಂದೆಯೇ ಓಡಿದೆ. ಹಿತ್ತಲಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮಾರ್ತಮ್ಮ ಬಂದಾಗ, ಯಾರೋ ಮುದುಕರು ಒಂದು ಕಲ್ಲು ತೋರಿಸಿದರು ಎಂದಷ್ಟೇ ಹೇಳಿದೆ. ಇಬ್ಬರೂ ಹಾರೆ ಕೊಟ್ಟು ಅದನ್ನು ಮಗುಚಿದೆವು. ಅಡಿಯಲ್ಲಿ ಒಂದು ಶಿಲುಬೆ, ಆಕೆಯ ಅಪ್ಪನ ಹೆಸರು. ಆಕೆ ಸೆರಗಿನಿಂದ ಅಕ್ಷರಗಳ ಮಣ್ಣು ಒರೆಸಿದಳು. ನನಗೂ ಅಳು ಬಂತು. ಮರುದಿನ ಜೆಸಿಬಿಯವರು ಆ ಜಾಗ ಬಿಟ್ಟರು.

ವಿಷಯ ಬಲ್ಲ ಹಳಬರು ಯಾರೋ ಬಂದು ಹೋಗಿರಬಹುದು ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೆ ಮಣ್ಣು ಒರೆಸುತ್ತಲೇ ಮಾರ್ತಮ್ಮ ಕೇಳಿದ್ದು ಇನ್ನೂ ನನ್ನನ್ನು ಸುಮ್ಮನಿರಗೊಡುವುದಿಲ್ಲ.

“ಉಂಡ್ರಾ ಅಂತ ಕೇಳುದ್ನಾ ಮೇಷ್ಟ್ರೇ? ಯಾರ್ನೂ ಕೇಳ್ದೆ ಬುಡ್ತಿರ್ಲಿಲ್ಲ ನಮ್ಮಪ್ಪ.”

ಆ ಮಾತನ್ನು ನಾನು ಆಕೆಗೆ ಹೇಳಿರಲಿಲ್ಲ. ಆ ಮುದುಕರಿಗೆ ಉಂಡಿಲ್ಲ ಎಂದಿದ್ದರೆ ಅವರು ಏನು ಮಾಡುತ್ತಿದ್ದರೋ ತಿಳಿಯದು. ಈಗಲೂ ಯಾರಾದರೂ ಊಟವಾಯಿತೇ ಎಂದು ಕೇಳಿದರೆ ನನಗೆ ತಕ್ಷಣ ಉತ್ತರ ಹೊರಡುವುದಿಲ್ಲ.