ಬಾಯಿ ಮುಚ್ಚಿಸಿದ ವಕೀಲಮ್ಮ

ವಕೀಲಮ್ಮನ ಕೆಳತುಟಿಯ ಮೇಲೆ ಹಲ್ಲಿನದೊಂದು ಗುರುತು ಕಾಯಮ್ಮಾಗಿ ಕೂತಿತ್ತು. ಕೋರ್ಟಿನಲ್ಲಿ ನಗು ಬಂದರೆ ತುಟಿ ಕಚ್ಚಿ ಹಿಡಿಯುವ ಅಭ್ಯಾಸ ಅವರದು. ಆ ಗುರುತಿನ ಅರ್ಧ ಆಳ ನನ್ನ ತಮಾಷೆಗಳದ್ದೇ ಎಂದು ಇಂದಿಗೂ ಕೊಚ್ಚಿಕೊಳ್ಳುತ್ತೇನೆ. ಅವರೀಗ ಇಲ್ಲ. ಆದರೂ ಹೊನ್ನಾವರದಲ್ಲಿ ಬಸ್ಸಿಳಿದರೆ ಕಾಲು ಅವರ ಆಫೀಸಿನ ಕಡೆಗೇ ತಿರುಗುತ್ತದೆ. ಭಟ್ಕಳದ ಜವಳಿ ವ್ಯಾಪಾರಿ ಬರಲಿ, ಸಂತೆಗುಳಿಯ ರೈತ ಬರಲಿ, ಅವರವರ ಮಾತಿನಲ್ಲೇ ಬೈದು ಬುದ್ಧಿ ಹೇಳುತ್ತಿದ್ದರು.

ಕುಮಟಾ ಕಡೆಯ ಒಂದು ಸಹಕಾರಿ ಸಂಘದಲ್ಲಿ ನಾನು ಗುಮಾಸ್ತ. ಯಾರ ಸಹಿಯಾದರೂ ಒಮ್ಮೆ ನೋಡಿದರೆ ಹಾಗೇ ಇಳಿಸುತ್ತಿದ್ದೆ. ಅಧ್ಯಕ್ಷರ ಸಹಿ ಹಾಕಿ 'ನಾಳೆ ರಜೆ' ಎಂದು ನೋಟಿಸ್ ಅಂಟಿಸಿ ಇಡೀ ಆಫೀಸನ್ನು ಮನೆಯಲ್ಲಿ ಕೂರಿಸಿದ್ದೆ. ಮುಂದೊಂದು ದಿನ ತೀರಿಹೋದ ಸದಸ್ಯರ ಹೆಸರಿನಲ್ಲಿ ಸಾಲದ ಕಾಗದಗಳು ಸಿಕ್ಕವು. ಎಲ್ಲದರ ಮೇಲೂ ಅಧ್ಯಕ್ಷರ ಖೋಟಾ ಸಹಿ. ಮ್ಯಾನೇಜರ್ ನನ್ನತ್ತ ಬೆರಳು ತೋರಿಸಿದ. ಜೈಲು ಎರಡೇ ಹೆಜ್ಜೆ ದೂರದಲ್ಲಿತ್ತು. ವಕೀಲಮ್ಮನ ಆಫೀಸಿಗೆ ಓಡಿದೆ.

"ಅಕ್ಷರದ ಮಾದರಿ ಕೇಳಿದ್ರೆ ಕೊಡಿ, ಅದನ್ನ ತಪ್ಪಿಸೂಕೆ ಆಗೂದಿಲ್ಲ," ಎಂದರು ವಕೀಲಮ್ಮ. "ಆದ್ರೆ ನಿಮ್ಮ ಮೇಲೆ ನೀವೇ ಸಾಕ್ಷಿ ಹೇಳ್ಬೇಕಂತಿಲ್ಲ. ಸುಮ್ನಿರೂದು ಸಂವಿಧಾನ ಕೊಟ್ಟ ಹಕ್ಕು. ನಿಮಗೆ ಅದೊಂದೇ ಬರೂದಿಲ್ಲ, ಮಾರಾಯ್ರೆ!"

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಚಾ ತರಿಸಿದರು. "ಅಧ್ಯಕ್ಷರ ಸಹಿ ಅವರಿಗಿಂತ ನೀವೇ ಚಂದ ಹಾಕ್ತ್ರಂತೆ?"

ಹೊಗಳಿದರೆ ಕರಗಿಬಿಡುವವನು ನಾನು. "ಅದೆಂತ ದೊಡ್ಡದು..." ಎಂದು ಬಾಯಿ ತೆರೆದದ್ದೇ, ಹೊರಗಿನ ಬೆಂಚಿನಿಂದ ವಕೀಲಮ್ಮ ಕೆಮ್ಮಿದರು. ಮಾತನ್ನು ಚಾದ ಜೊತೆ ನುಂಗಿದೆ. ಆ ಜಂಬ ಹೊರಬಿದ್ದಿದ್ದರೆ ಮತ್ತೆ ಸಾಕ್ಷಿಯೇ ಬೇಕಿರಲಿಲ್ಲ.

ತಜ್ಞರ ವರದಿ ಬಂತು: ಖೋಟಾ ಸಹಿಗಳು ಮ್ಯಾನೇಜರನವೇ. ಪೊಲೀಸರು ನನ್ನ ಹೆಸರು ಕೈಬಿಟ್ಟರು, ಅವನನ್ನು ಹಿಡಿದರು. ಊರೆಲ್ಲ ಉಗಿಯುತ್ತಿದ್ದ ಅವನ ಕೇಸು ಹಿಡಿಯಲು ಯಾವ ವಕೀಲರೂ ಒಪ್ಪಲಿಲ್ಲ. ನಮ್ಮ ವಕೀಲಮ್ಮನೇ ತಮ್ಮ ಪರಿಚಯದ ಒಬ್ಬ ವಕೀಲರನ್ನು ಗೊತ್ತುಮಾಡಿಕೊಟ್ಟರು. ನನಗೆ ಉರಿಯಿತು.

"ನನ್ನ ಒಳಗೆ ಹಾಕೂಕೆ ನೋಡಿದವ್ನಿಗೆ ನೀವೇ ವಕೀಲ್ರನ್ನ ಹುಡುಕೂದಾ?"

"ನಿಮಗಾದ್ರೆ ಹಕ್ಕು, ಅವ್ನಿಗಾದ್ರೆ ಉಪಕಾರವಾ?"

ಆ ಮಳೆಗಾಲವಿಡೀ ಅವರ ಮೆಟ್ಟಿಲು ಹತ್ತಲಿಲ್ಲ. ಮುನಿಸು ಮುರಿಯಲು ಒಂದು ಭಾರೀ ತಮಾಷೆ ಹೊಸೆಯುತ್ತಿದ್ದೆ. ಅಷ್ಟರಲ್ಲಿ, ಎದೆನೋವು ಬಂದು ಅವರು ಹೋದರೆಂಬ ಸುದ್ದಿ ಬಂತು.

ಅವರ ಅಂಗಳದಲ್ಲಿ, ಜಾಮೀನಿನ ಮೇಲೆ ಹೊರಬಂದಿದ್ದ ಮ್ಯಾನೇಜರ್ ಒಬ್ಬನೇ ನಿಂತಿದ್ದ. ಯಾರೂ ಅವನತ್ತ ನೋಡುತ್ತಿರಲಿಲ್ಲ. ಚುಚ್ಚಲು ನನ್ನ ಬಳಿ ಹತ್ತು ಮಾತಿದ್ದವು; ಠಾಣೆಯಲ್ಲಿ ನುಂಗಿದ ಹಾಗೆ ಎಲ್ಲವನ್ನೂ ನುಂಗಿದೆ. "ಬನ್ನಿ, ಕೂತ್ಕಳಿ," ಎಂದು ಜಗಲಿಯಲ್ಲಿ ಸರಿದು ಜಾಗ ಕೊಟ್ಟೆ.

ಇಷ್ಟು ಕಲಿಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಒಂದು ವಾರ ಬೇಗ ಕಲಿತಿದ್ದರೂ ಅವರೆದುರು ಹೋಗಿ ಕೂರಬಹುದಿತ್ತು.